ಬಲಬದಿ ಇಂಡಿಕೇಟರಿಗೆ ಅರ್ಥ್ ಸಿಕ್ಕಿತು

ಶ್ರೀಮದ್ ರಾಜಮಾರ್ಗ ಸಾರ್ವಭೌಮ, ಕುಂದಾಪುರ–ಬೈಂದೂರು ಸರ್ವಿಸ್ ಬಸ್ಸಿನ ನಿವೃತ್ತ ಸಾರಥಿ, ಸಿಗ್ನಲ್ ಕೊಡದೆ ತಿರುಗುವ ಸಮಸ್ತ ಜೀವಿಗಳ ಪಾಲಿನ ಯಮಸ್ವರೂಪಿ, ನನ್ನ ತೀರ್ಥರೂಪ ಅಪ್ಪಯ್ಯನವರ ಸನ್ನಿಧಾನಕ್ಕೆ...

ಸಾಕಲ್ಲ ಇಷ್ಟು? ಅಪ್ಪಯ್ಯಾ, ನಾನು. ನಿಮ್ಮ ವರ್ಷಾಂತಿಕದ ದಿನ ಮನೆಯಲ್ಲಿ ಒಂದು ಸಮಾರಂಭ ನಡೆಯಿತು. ಫ್ಲೆಕ್ಸ್ ಇತ್ತು, ಮುಖ್ಯ ಅತಿಥಿ ಇದ್ದರು, ಉದ್ಘಾಟನೆಯೂ ಆಯಿತು. ನೆಂಟರಲ್ಲಿ ಅರ್ಧ ಜನ ಈಗಲೂ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ಅದರ ವರದಿ ಒಪ್ಪಿಸುವುದು ಮಗಳಾಗಿ ನನ್ನ ಕರ್ತವ್ಯ.

ಅಡುಗೆಕೋಣೆಯಿಂದ ಚಾವಡಿಗೆ ಬರುವ ಆ ಇಕ್ಕಟ್ಟಿನ ಓಣಿಯಲ್ಲಿ ನೀವು ಕುಣಿದ ದಿನ ನೆನಪಿದೆಯಾ? ಅಮ್ಮ ಗಂಜಿಯ ಪಾತ್ರೆ ಹಿಡಿದು ಮೂಲೆಯಲ್ಲಿ ತಿರುಗಿದಳು, ನೀವು ಎದುರಿಂದ ಹೋಗಿ ಡಿಕ್ಕಿ ಹೊಡೆದಿರಿ, ಬಿಸಿ ತಿಳಿಯೆಲ್ಲ ನಿಮ್ಮ ಪಾದದ ಮೇಲೆ. ಒಂದೇ ಕಾಲಲ್ಲಿ ನಿಂತು ಕಾನೂನು ಹೊರಡಿಸಿದಿರಿ: "ಇವತ್ತಿಂದ ಈ ಮನಿಯೊಳ್ಗೆ ತಿರ್ಗುವರೆಲ್ಲ ಇಂಡಿಕೇಟರ್ ಹಾಕ್ಕ್. ಬಾಯಲ್ಲೇ ಆಯ್ಲಿ!" ಅಂದಿನಿಂದ ಆ ಮೂಲೆಗೆ ಬಂದವರು 'ಟಿಕ್ ಟಿಕ್, ಟಿಕ್ ಟಿಕ್' ಎನ್ನುತ್ತಲೇ ತಿರುಗಬೇಕಾಯಿತು. ಬಂದ ನೆಂಟರು ನಮಗೆ ತಲೆ ಸರಿ ಇಲ್ಲ ಅಂದುಕೊಂಡರು. ಬಂದವರಿಗೂ ಕಲಿಸಿದಿರಿ. ಬೇರೆ ಮನೆಯಲ್ಲಿ ಮಕ್ಕಳು ಮೊದಲು ಶ್ಲೋಕ ಕಲಿಯುತ್ತಾರಂತೆ. ನಾನು ಕಲಿತದ್ದು ಟಿಕ್ ಟಿಕ್.

ಅಂಥವರಿಗೆ ಅದೊಂದು ಆಪಾದನೆ ಬರಬೇಕಿತ್ತಾ? ಕುಂದಾಪುರದಿಂದ ಬೈಕಿನಲ್ಲಿ ಬರುತ್ತಿದ್ದಿರಿ. ಕೋಟದ ಹತ್ತಿರ ಹೈವೇಯ ಡಿವೈಡರ್ ತೆರೆದಿರುವಲ್ಲಿ, ನಮ್ಮ ಕಡಲ ಬದಿಯ ರಸ್ತೆಗೆ ಬಲಕ್ಕೆ ತಿರುಗಿಸಿದಿರಿ. ಹಿಂದಿನಿಂದ ಸ್ಕೂಟರಿನಲ್ಲಿ ಬಂದು ಗುದ್ದಿದ್ದು ಬೇರೆ ಯಾರೂ ಅಲ್ಲ, ಅಮ್ಮನ ಅಣ್ಣ, ಬ್ರಹ್ಮಾವರದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನಮ್ಮ ಸೀನ ಮಾವ. ಇಬ್ಬರೂ ಬಿದ್ದಿರಿ. ನಿಮ್ಮ ಮೊಣಕಾಲು ತರಚಿತು, ಮಾವನ ಪಂಚೆ ಹರಿಯಿತು. ಅಷ್ಟೇ ಆಗಿದ್ದರೆ ಅದೊಂದು ತಮಾಷೆ ಆಗಿ ಉಳಿಯುತ್ತಿತ್ತು. ಆದರೆ ಮಾವ ಎದ್ದು, ಪಂಚೆ ಹಿಡಿದುಕೊಂಡು, ಸೇರಿದ ಜನಕ್ಕೆ ಕೇಳುವಂತೆ ಕೂಗಿದರು: "ಹ್ವಾಯ್, ಕಾಣಿ ಮಾರ್ರೆ! ಜನ್ಮ ಇಡೀ ಬಸ್ ಬಿಟ್ಟ ಡ್ರೈವರ್! ಒಂದ್ ಇಂಡಿಕೇಟರ್ ಹಾಕ್ಲಿಲ್ಲೆ!"

ಆಮೇಲೆ ಮಾವ ಆ ಕಥೆಯನ್ನು ಹೊತ್ತು ತಿರುಗಿದರು. ಬೈಂದೂರಿನ ಮದುವೆಯಲ್ಲಿ ಹೇಳಿದರು, ಕೊಲ್ಲೂರಿಗೆ ಹೋಗುವ ಜೀಪಿನಲ್ಲಿ ಹೇಳಿದರು, ಊಟದ ಪಂಕ್ತಿಯಲ್ಲಿ ಪಾಯಸ ಬರುವ ಮೊದಲು ಹೇಳಿದರು. ನಿಮ್ಮನ್ನು ಕಂಡಾಗಲೆಲ್ಲ ಬಾಯಿ ಸೊಟ್ಟ ಮಾಡಿ, "ಬಾವ, ಟಿಕ್ ಟಿಕ್!" ಎನ್ನುತ್ತಿದ್ದರು. ನಮ್ಮ ಮನೆಯ ಮಾತನ್ನೇ ಎತ್ತಿ ನಮಗೇ ಎಸೆದರು. ಎಲ್ಲರೂ ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. ನನಗೆ ಸಿಟ್ಟು ಬಂದದ್ದು ನಿಮ್ಮ ಆ ನಗುವಿಗೆ.

ಚಾವಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೀವು ರಸ್ತೆ ನೋಡುತ್ತಿದ್ದ ಸಂಜೆಗಳು ನನ್ನ ಕಣ್ಣಲ್ಲೇ ಇವೆ. ನೀವು ಬಿದ್ದ ದಿನ ಟೆಂಪೋದಲ್ಲಿ ಮನೆಗೆ ಬಂದ ಬೈಕಿಗೆ ಅಮ್ಮ ಅವತ್ತೇ ಟರ್ಪಾಲು ಹೊದಿಸಿದ್ದಳು. ನೀವು ಮತ್ತೆ ಅದನ್ನು ಮುಟ್ಟಲಿಲ್ಲ. ಆದರೆ ನಿಮ್ಮ ಎಡಗೈಯ ಹೆಬ್ಬೆರಳು ಕುರ್ಚಿಯ ಕೈಮೇಲೆ ಬಲಕ್ಕೆ ಸರಿಯುತ್ತಿತ್ತು, ಮತ್ತೆ ನಡುವಿಗೆ ಬರುತ್ತಿತ್ತು, ಮತ್ತೆ ಬಲಕ್ಕೆ. ಸ್ವಿಚ್ಚು ಹುಡುಕುವ ಹಾಗೆ. ಒಂದು ದಿನ ನನ್ನ ಕಡೆ ತಿರುಗದೆಯೇ ಕೇಳಿದಿರಿ: "ಹೆಣೆ, ನಾನ್ ಹಾಕಿದ್ದೆ... ಹಾಕಿದ್ದೆ ಅಲ್ದಾ?" ನಾನು ಹಿಂದಿನ ಸೀಟಿನಲ್ಲಿ ಇರಲಿಲ್ಲ ಅಪ್ಪಯ್ಯ. ಏನು ಹೇಳಲಿ? "ಹಾಕ್ದೆ ಇಪ್ಪ ಜನವಾ ನೀವ್?" ಅಂದೆ. ಅದು ಉತ್ತರ ಅಲ್ಲ ಅಂತ ನಿಮಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಎದೆನೋವು ಬಂದು ನೀವು ಹೊರಟೇ ಹೋದಿರಿ. ಆ ಪ್ರಶ್ನೆ ಮಾತ್ರ ಕುರ್ಚಿಯ ಮೇಲೆ ಹಾಗೇ ಕೂತಿತ್ತು.

ವರ್ಷಾಂತಿಕ ಹತ್ತಿರ ಬಂದಾಗ ಸೀನ ಮಾವ ಮನೆಗೆ ಬಂದು ಸಲಹೆ ಕೊಟ್ಟರು. "ಆ ಬೈಕ್ ಎಂತಕ್ ಇಟ್ಕಂಡಿದ್ರಿ? ಗುಜ್ರಿಗ್ ಹಾಕಿ. ಬಾವನ ನೆಂಪಿಗ್ ಒಂದ್ ಫೋಟೋ ಸಾಲ್ದಾ?" ಅಮ್ಮ ಎದ್ದು ಒಳಗೆ ಹೋದಳು. ಉತ್ತರ ನಾನು ಕೊಟ್ಟೆ: "ಗುಜ್ರಿಗ್ ಹಾಕುದಿಲ್ಲೆ ಮಾವ. ನಾನೇ ಬಿಡ್ತೆ." ಮಾವ ನಕ್ಕರು. "ನೀನಾ? ಬಿಡ್. ಬಿಡುವತಿಗೆ ಟಿಕ್ ಟಿಕ್ ಮರಿಬ್ಯಾಡ. ನಿಮ್ಮನಿಯರಿಗೆ ಅದ್ ಬತ್ತಿಲ್ಲೆ."

ಅವರು ಗೇಟು ದಾಟುವ ಮೊದಲೇ ನಾನು ಟರ್ಪಾಲು ಎಳೆದೆ. ಮೊದಲು ಕಣ್ಣಿಗೆ ಬಿದ್ದದ್ದು ಏನು ಗೊತ್ತಾ? ಎಡ ಹ್ಯಾಂಡಲಿನ ಇಂಡಿಕೇಟರ್ ಸ್ವಿಚ್ಚು. ಬಲಕ್ಕೆ ಸರಿದು ನಿಂತಿತ್ತು. ನಿಮ್ಮ ಹೆಬ್ಬೆರಳು ಅಲ್ಲೇ ಬಿಟ್ಟು ಹೋದ ಹಾಗೆ. ನಾನು ಅದನ್ನು ಮುಟ್ಟದೆ ಮೊಬೈಲಿನಲ್ಲಿ ಫೋಟೋ ತೆಗೆದು ಮಾವನ ಹಿಂದೆ ಓಡಿ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿದರು. "ಟೆಂಪೋಕ್ ಹತ್ಸುವತಿಗೆ ಯಾರದ್ದೋ ಕೈ ತಾಗಿರ್ತ್ ಮಾರಾಯ್ತಿ. ಹಾಕಿದ್ರೆ ನಂಗ್ ಕಾಣ್ತಿರ್ಲಿಲ್ಯಾ? ನಂಗೆಂತ ಕಣ್ ಕಾಂತಿಲ್ಯಾ?"

ಆ ನಿಮಿಷ ನಿರ್ಧಾರ ಮಾಡಿದೆ. ಈ ಬೈಕಿಗೆ ಕಣ್ಣಿದ್ದವರಿಗೂ ಇಲ್ಲದವರಿಗೂ ಕಾಣುವಂಥ ಇಂಡಿಕೇಟರ್ ಹಾಕಿಸುತ್ತೇನೆ. ಎಲ್‌ಇಡಿ! ಅಗರಬತ್ತಿಯ ತುದಿಯಂಥ ಹಳೆ ಬಲ್ಬು ಬೇಡ. ಕೋಟದಲ್ಲಿ ಗ್ಯಾರೇಜು ಇಟ್ಟಿರುವ ಗಣಪ, ನನ್ನ ಶಾಲೆಯ ಗೆಳೆಯ, ಫೋನಿನಲ್ಲಿ ಧೈರ್ಯ ಕೊಟ್ಟ. "ಎಲ್‌ಇಡಿ ಅಂದ್ರೆ ಎಂತ ಇಲ್ಲೆ ಹೆಣೆ. ಹಳೇದ್ ತೆಗುದ್, ಹೊಸ್ತ್ ಹಾಕುದ್. ಚಾ ಕುಡುದ್ ಮುಗುಸುದ್ರೊಳ್ಗೆ ಆತ್." ಗಣಪನ ಚಹಾ ಎಷ್ಟು ದೊಡ್ಡದು ಅಂತ ಆಗ ನನಗೆ ಗೊತ್ತಿರಲಿಲ್ಲ.

ಅವನು ನಮ್ಮ ಅಂಗಳಕ್ಕೆ ಬಂದ ಭಾನುವಾರ ಹೊಸ ಬ್ಯಾಟರಿ ಕೂರಿಸಿ, ನಾಲ್ಕು ಹೊಸ ದೀಪ ಜೋಡಿಸಿ, ಎಡಕ್ಕೆ ಸ್ವಿಚ್ಚು ಸರಿಸಿದ. ಒಂದೂ ಉರಿಯಲಿಲ್ಲ. ಹಳೆ ಬಲ್ಬು ಪಾಪದ್ದು ಅಪ್ಪಯ್ಯ, ವಯರು ಹಿಂದುಮುಂದಾದರೂ ಉರಿಯುತ್ತದೆ. ಎಲ್‌ಇಡಿಗೆ ಮಡಿ ಜಾಸ್ತಿ. ಪ್ಲಸ್ಸು ಪ್ಲಸ್ಸಿಗೇ ಸೇರಬೇಕು, ಇಲ್ಲದಿದ್ದರೆ ಮುಖ ತಿರುಗಿಸುತ್ತದೆ. ಗಣಪ ವಯರು ಅದಲುಬದಲು ಮಾಡಿದ. ಉರಿಯಿತು, ಆದರೆ ಹೇಗೆ! ಯಕ್ಷಗಾನದ ಆಟದಲ್ಲಿ ರಕ್ಕಸ ವೇಷ ರಂಗಕ್ಕೆ ಬರುವಾಗ ಚಂಡೆ ಬಡಿಯುತ್ತಾರಲ್ಲ, ಹಾಗೆ. ಟಿಕ್ ಟಿಕ್ ಅಲ್ಲ, ಟಿಕಿಟಿಕಿಟಿಕಿಟಿಕಿ. "ಇದ್ ಎಂತದಾ ಗಣಪ, ಇಂಡಿಕೇಟರಾ, ಜ್ವರ ಬಂದದ್ದಾ?" ಅಂತ ಕೇಳಿದೆ. ಅವನು ಗಂಭೀರವಾಗಿ ತಲೆ ಕೆರೆದುಕೊಂಡ. ದೀಪ ಮಿನುಗಿಸುವ ಹಳೆಯ ಫ್ಲ್ಯಾಶರ್ ದಪ್ಪ ಬಲ್ಬುಗಳ ಭಾರಕ್ಕೆ ಹೊಂದಿಕೊಂಡದ್ದು. ಎಲ್‌ಇಡಿ ಕುಡಿಯುವ ಕರೆಂಟು ಒಂದು ಚಮಚ. ಅಷ್ಟು ಕಡಿಮೆ ಕಂಡರೆ ಫ್ಲ್ಯಾಶರಿಗೆ ಯಾವುದೋ ಬಲ್ಬು ಸತ್ತಿದೆ ಅನ್ನಿಸಿ ಗಾಬರಿಯಲ್ಲಿ ಬಡಿದುಕೊಳ್ಳುತ್ತದಂತೆ. ನಾವು ಕುಂದಾಪುರಕ್ಕೆ ಹೋಗಿ ಎಲ್‌ಇಡಿಯ ಫ್ಲ್ಯಾಶರ್ ತಂದೆವು. ಜ್ವರ ಇಳಿಯಿತು.

ಸಂಜೆಗೆ ಮತ್ತೊಂದು ರೋಗ. ಎಡಕ್ಕೆ ಹಾಕಿದರೆ ಎಡ, ಬಲ ಎರಡೂ ಮಿನುಗಿದವು. ಬಲಕ್ಕೆ ಹಾಕಿದರೂ ಅದೇ. ಅಮ್ಮ ಬಾಗಿಲಲ್ಲಿ ನಿಂತು, "ಇದ್ ಎತ್ಲಾಯಿ ಹೋಪ್ದ್ ಅಂದೇಳಿ ಅದ್ಕೇ ಗೊತ್ತಿಲ್ಯಾ?" ಅಂತ ಕೇಳಿದಳು. ನೀವು ಇದ್ದಿದ್ದರೆ ಇದನ್ನು ಹೋಲಿಸಲು ಯಾವ ರಾಜಕಾರಣಿಯ ಹೆಸರು ಹೇಳುತ್ತಿದ್ದಿರಿ ಅಂತ ನನಗೆ ಗೊತ್ತು, ಬರೆಯುವುದಿಲ್ಲ. ಮೀಟರಿನಲ್ಲಿ ಎಡಬಲ ಎರಡಕ್ಕೂ ಸೇರಿ ಒಂದೇ ಹಸಿರು ದೀಪ ಇದೆಯಲ್ಲ? ಎಡಕ್ಕೆ ಬಂದ ಕರೆಂಟು ಅದರೊಳಗಿಂದ ಕಳ್ಳದಾರಿ ಹಿಡಿದು ಬಲಕ್ಕೂ ನುಗ್ಗುತ್ತಿತ್ತು. ಹಳೆ ಬಲ್ಬು ಅಷ್ಟು ಚಿಲ್ಲರೆ ಕರೆಂಟಿಗೆ ಎದ್ದೇಳುತ್ತಿರಲಿಲ್ಲ. ಎಲ್‌ಇಡಿ ಎದ್ದು ಕುಣಿಯುತ್ತದೆ. ಹೋಗಲು ಬಿಟ್ಟು ಹಿಂದೆ ಬರಲು ಬಿಡದ ಡಯೋಡು ಅಂತ ಒಂದು ಸಾಮಾನಿದೆ, ನಿಮ್ಮ ಬಸ್ಸಿನ ಕ್ಲೀನರ್ ಬಾಗಿಲಲ್ಲಿ ಕೈ ಅಡ್ಡ ಇಟ್ಟು ನಿಂತ ಹಾಗೆ. ಗಣಪ ಹಸಿರು ದೀಪದ ಎರಡು ಕಡೆಗೂ ಒಂದೊಂದು ಹಾಕಿದ. ಎಡ ಎಡವಾಯಿತು. ಬಲ...

ಬಲದ ಮುಂದಿನದು ಮಿನುಗಿತು. ಹಿಂದಿನದು ಕತ್ತಲೆ. ಗಣಪ ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಟಾರ್ಚು ಬಾಯಲ್ಲಿ ಕಚ್ಚಿ, ಅರ್ಧ ತಾಸು ಹುಡುಕಿದ. ಕೊನೆಗೆ ಟಾರ್ಚು ತೆಗೆದು ಘೋಷಿಸಿದ: "ಹ್ವಾಯ್, ಇದ್ಕ್ ಅರ್ಥ್ ಇಲ್ಲೆ!"

ಚಹಾ ತಂದ ಅಮ್ಮ ಅಲ್ಲೇ ನಿಂತಳು. ಅವಳ ಮುಖ ನೀವು ನೋಡಬೇಕಿತ್ತು.

"ಎಂತಾ? ಅರ್ಥ ಇಲ್ಯಾ? ಇವ್ರ್ ಇಪ್ಪತಿಗೆ ದಿನಾ ಒರ್ಸಿ ಇಡ್ತಿದ್ರ್. ಈಗ ನೀ ಬಂದ್ ಹೇಳುದಾ, ಅರ್ಥ ಇಲ್ಲೆ ಅಂದೇಳಿ?"

"ಅಮ್ಮಾ, ಆ ಅರ್ಥ ಅಲ್ದೆ! ಅರ್ಥ್! ಮೈನಸ್! ಬಾಡಿಗೆ ಹೋಪ್ದ್!"

"ಬಾಡಿಗೆ ಹೋಪ್ದಾ? ಗುಜ್ರಿಗೂ ಹೋಪುದಿಲ್ಲೆ, ಬಾಡಿಗಿಗೂ ಹೋಪುದಿಲ್ಲೆ! ನೀ ಚಾ ಕುಡ್ದ್ ಹೋಗ್!"

ನಾನು ಅಂಗಳದಲ್ಲಿ ಬಿದ್ದು ನಕ್ಕೆ ಅಪ್ಪಯ್ಯ. ನೀವು ಹೋದ ಮೇಲೆ ಆ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಅಮ್ಮನಿಗೆ ವಿವರಿಸುವಷ್ಟರಲ್ಲಿ ಚಹಾ ಆರಿಹೋಯಿತು: ದೀಪಕ್ಕೆ ಕರೆಂಟು ಬಂದರೆ ಸಾಲದು, ಮರಳಿ ಹೋಗಲೂ ದಾರಿ ಬೇಕು. ಆ ದಾರಿ ಬೈಕಿನ ಬಾಡಿಯ ಕಬ್ಬಿಣ. ಅಲ್ಲಿಗೆ ಮುಟ್ಟಿಸುವ ವಯರಿಗೆ ಅರ್ಥ್ ಅನ್ನುತ್ತಾರೆ. ಮರಳುವ ದಾರಿ ತುಂಡಾದರೆ ಬಂದದ್ದು... ಇರಲಿ ಬಿಡಿ.

ಗಣಪ ಮಡ್‌ಗಾರ್ಡಿನ ಒಳಗಿಂದ ಆ ವಯರು ಎಳೆದಾಗ ನಗು ನಿಂತಿತು. ಮೇಲಿನ ಕಪ್ಪು ಸಿಪ್ಪೆ ಚೆನ್ನಾಗೇ ಇತ್ತು. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು. ಒಳಗಿನ ತಾಮ್ರ ಕಡಲ ಉಪ್ಪಿಗೆ ಕಿಲುಬು ಹಿಡಿದು ಹಸಿರು ಪುಡಿಯಾಗಿತ್ತು. ಚಿವುಟಿದರೆ ಉದುರಿತು. "ಈ ನಮೂನಿ ತಿಂಬುಕೆ ವರ್ಷಗಟ್ಲೆ ಬೇಕ್," ಅಂದ ಗಣಪ. "ಅಲ್ಲಾಡ್ರೆ ಒಂದ್ಸಲ ತಾಗ್ತ್, ಒಂದ್ಸಲ ಇಲ್ಲೆ." ನಾನು ಕಳಚಿಟ್ಟ ಹಳೆ ಬಲ್ಬುಗಳನ್ನು ಬೆಳಕಿಗೆ ಹಿಡಿದೆ. ಮೂರರ ಹೊಟ್ಟೆಯಲ್ಲಿ ಮಸಿ. ಬಲ ಹಿಂದಿನದು ಮಾತ್ರ ಆಗ ಅಂಗಡಿಯಿಂದ ತಂದ ಹಾಗೆ ತಿಳಿ. ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿದಳು. "ಇದ್ ಇವ್ರ್ ಬೀಳುಕ್ ಮೊದ್ಲ್ ಹಾಕದ್ದ್. 'ಹಿಂದಿನ್ ಬಲ್ಬ್ ಒಂದ್ ತರ ಮಾಡ್ತಿತ್ತ್, ಹೊಸ್ತ್ ಹಾಕ್ದೆ, ಈಗ ಉರಿತ್' ಅಂದಿದ್ರ್." ಅಂದರೆ ನೀವು ನೋಡಿದ್ದಿರಿ. ಸರಿ ಮಾಡಿದ್ದಿರಿ. ಮನೆಯಲ್ಲಿ ಉರಿದಿತ್ತು. ಹೈವೇಯ ಕುಲುಕಾಟದಲ್ಲಿ ವಯರು ಕೈ ಕೊಟ್ಟಿತು. ನಿಮ್ಮ ಕಣ್ಣೆದುರು ಮೀಟರಿನ ಹಸಿರು ದೀಪ ಇತ್ತು, ಮುಂದಿನ ದೀಪ ಇತ್ತು. ಬೈಕ್ ಬಿಡುವವನಿಗೆ ತನ್ನ ಬೆನ್ನು ಎಲ್ಲಿ ಕಾಣುತ್ತದೆ?

ಮಾವನಿಗೆ ಫೋನು ಮಾಡಿ ಹೇಳಬಹುದಿತ್ತು. ಹೇಳಿದರೆ ಫೋನಿನಲ್ಲೇ ಸತ್ತುಹೋಗುತ್ತಿತ್ತು ಸುದ್ದಿ. ಅವರು ಅದನ್ನು ಪಂಕ್ತಿಯಲ್ಲಿ ಹೇಳಿದ್ದಲ್ಲವಾ? ನಾನೂ ಪಂಕ್ತಿಯಲ್ಲೇ ಹೇಳಬೇಕು. ನಾನು ಕೆಲಸ ಮಾಡುವುದು ಫ್ಲೆಕ್ಸ್ ಅಂಗಡಿಯಲ್ಲಿ, ಮತ್ತೆ ಮಾವನ ದೌರ್ಬಲ್ಯ ಊರಿಗೇ ಗೊತ್ತು: ತನ್ನ ಫೋಟೋ ಇರುವ ಫ್ಲೆಕ್ಸ್ ಎಲ್ಲಿ ಕಟ್ಟಿದರೂ ಅಲ್ಲಿ ಹಾಜರು. ಹಾಗಾಗಿ ನಿಮ್ಮ ವರ್ಷಾಂತಿಕದ ದಿನ ಅಂಗಳದ ತೆಂಗಿನಮರಕ್ಕೆ ಒಂದು ಫ್ಲೆಕ್ಸ್ ಏರಿತು. "ಬಲಬದಿ ಇಂಡಿಕೇಟರ್ ಪುನಃಪ್ರತಿಷ್ಠಾ ಮಹೋತ್ಸವ. ಭೋಜನಾನಂತರ. ಉದ್ಘಾಟಕರು: ಕೃಷಿಕಬಂಧು, ಗೊಬ್ಬರರತ್ನ ಶ್ರೀ ಸೀನ ಮಾವನವರು. ಸರ್ವರಿಗೂ ಆದರದ ಸ್ವಾಗತ." ಮಾವನ ಫೋಟೋ ದೊಡ್ಡದು, ಹಿಂದೆ ಸೂರ್ಯಕಿರಣ. ನಿಮ್ಮದು ಮೂಲೆಯಲ್ಲಿ ಚಿಕ್ಕದು, ಕ್ಷಮಿಸಿ, ಮಾವನ ದೊಡ್ಡ ಫೋಟೋ ಗಾಳಕ್ಕೆ ಸಿಕ್ಕಿಸಿದ ಎರೆ.

ಕಾಗೆಗೆ ಇಟ್ಟು, ಊಟ ಮುಗಿದು, ಎಲೆ ಎತ್ತಿದ ಮೇಲೆ ಎಲ್ಲರೂ ಅಂಗಳಕ್ಕೆ ಬಂದರು. ದೊಡ್ಡತ್ತೆ ಕಿಡಿಕಾರಿದರು: "ಶ್ರಾದ್ಧದ್ ದಿನ ಫ್ಲೆಕ್ಸಾ? ಈ ಹೆಣ್ಣಿಗ್ ಹೇಳುವರ್ ಕೇಣುವರ್ ಇಲ್ಯಾ?" ಮಾವ ಮಾತ್ರ ಫೋಟೋ ನೋಡಿ ಮೀಸೆ ತೀಡಿದರು. "ಮಕ್ಳಾಟಿಕೆ ಮಾರ್ರೆ. ಆಯ್ಲಿ, ಎಂತ ಮಾಡ್ಕ್ ಹೇಳ್." ನಾನು ಹರಿವಾಣದಲ್ಲಿ ಬೈಕಿನ ಕೀಲಿ ಇಟ್ಟು, ತಲೆ ಬಗ್ಗಿಸಿ ಕೊಟ್ಟೆ. ಮಾವ ಬೈಕ್ ಏರಿ ಕೂತು, ಕೀಲಿ ತಿರುಗಿಸಿ, ಎಡ ಹೆಬ್ಬೆರಳಲ್ಲಿ ಸ್ವಿಚ್ಚು ಬಲಕ್ಕೆ ಸರಿಸಿದರು. ಮೀಟರಿನಲ್ಲಿ ಹಸಿರು ಮಿನುಗಿತು. ಎಲ್ಲರೂ ಚಪ್ಪಾಳೆ ಹೊಡೆದರು.

"ಮಾವ, ಹಿಂದಿಂದ್ ಉರಿತಾ?"

"ಉರಿಯದೆ ಎಂತ? ಇಲ್ಲಿ ಹಸ್ರ್ ಕಾಂತ್ ಅಲ್ದಾ?"

"ಹಾಂಗಾರೆ ಇಳ್ದ್ ಬಂದ್ ಹಿಂದೆ ಕಾಣಿ."

ಬಂದು ನೋಡಿದರು. ಹಿಂದಿನದು ಉರಿಯುತ್ತಿರಲಿಲ್ಲ. ಯಾಕೆಂದರೆ ನಾನೂ ಗಣಪನೂ ಬೆಳಿಗ್ಗೆಯೇ ಅಲ್ಲಿಗೆ ಹೊಸದಾಗಿ ಹಾಕಿದ್ದ ಅರ್ಥ್ ವಯರು ಬಿಚ್ಚಿಟ್ಟಿದ್ದೆವು. ಮಾವನ ಬಾಯಿ ಅರ್ಧ ತೆರೆಯಿತು.

"ಎಲ್ಲರೂ ಕಾಣಿ," ಅಂದೆ ನಾನು, ನಿಮ್ಮ ಬಸ್‌ಸ್ಟ್ಯಾಂಡಿನ ಗಂಟಲಲ್ಲಿ. "ಸೀನ ಮಾವ ಇಂಡಿಕೇಟರ್ ಹಾಕ್ಲಿಲ್ಲೆ! ಅಲ್ದಾ ಮಾವ? ಹಿಂದೆ ಇದ್ದರಿಗ್ ಎಂತದೂ ಕಾಂತಿಲ್ಲೆ. ಹಾಂಗಾರೆ ನೀವ್ ಹಾಕ್ಲಿಲ್ಲೆ."

"ಹಾಕಿದ್ದೆ ಮಾರಾಯ್ತಿ! ನೀವೆಲ್ಲ ಕಂಡಿದ್ರಿ, ನಾನ್ ಹಾಕಿದ್ದೆ!"

"ನಮ್ಮಪ್ಪಯ್ಯನೂ ಹಾಂಗೇ ಹೇಳದ್ದ್."

ನಾನು ಎರಡನೇ ಹರಿವಾಣ ತಂದೆ. ವೀಳ್ಯದೆಲೆಯ ಮೇಲೆ ಕಿಲುಬು ಹಿಡಿದ ವಯರಿನ ತುಂಡು, ಪಕ್ಕದಲ್ಲಿ ಆ ತಿಳಿ ಬಲ್ಬು. ಮಾವ ಸುಲಭಕ್ಕೆ ಸೋಲುವವರಲ್ಲ. "ನಿಂತಲ್ಲೇ ಕಿಲ್ಬು ಹಿಡಿದಿರುಕೂ ಸಾಕ್. ಮತ್ತೆ ವಯರ್ ಕಾಂಬ್ದ್ ಯಾರ್ ಕೆಲ್ಸ? ಬೈಕಿನರ್ ಕೆಲ್ಸ ಅಲ್ದಾ?" ಆಗ ಅಮ್ಮ ಬಾಯಿ ತೆರೆದಳು. ಅಣ್ಣನ ಎದುರು ಅವಳು ಧ್ವನಿ ಏರಿಸಿದ್ದನ್ನು ನಾನು ಕಂಡದ್ದೇ ಇರಲಿಲ್ಲ. "ಹೊಸ ಬಲ್ಬ್ ಹಾಕಿ, ಉರುಸಿ ಕಂಡೇ ಹೊರಟದ್ದ್ ಅವ್ರ್. ವಯರ್ ಕಾಣ್ಲಿಲ್ಲೆ ಅಂದೇಳಿ ಬೇಕಾರೆ ಹೇಳ್ ಅಣ್ಣಾ. ಹಾಕ್ಲಿಲ್ಲೆ ಅನ್ಬ್ಯಾಡ. ಇನ್ ಅನ್ಬ್ಯಾಡ."

ಮಾವ ವಯರಿನ ತುಂಡು ಎತ್ತಿ ಬೆರಳಲ್ಲಿ ತಿಕ್ಕಿದರು. ಹಸಿರು ಪುಡಿ ಅವರ ಬಿಳಿ ಪಂಚೆಯ ಮೇಲೆ ಉದುರಿತು. ಕ್ಷಮೆ ಗಿಮೆ ಕೇಳಲಿಲ್ಲ, ಆ ಜಾತಿಯ ಮನುಷ್ಯ ಅಲ್ಲ. ಗಣಪ ವಯರು ಜೋಡಿಸಿದ. ಹಿಂದಿನ ದೀಪ ಮಟಮಟ ಮಧ್ಯಾಹ್ನದಲ್ಲೂ ಕಣ್ಣು ಕುಕ್ಕಿತು. ಅದನ್ನೇ ನೋಡುತ್ತ ಮಾವ ಮೆಲ್ಲಗೆ ಅಂದರು: "ಅವತ್ತ್ ಇಷ್ಟ್ ಬೆಳ್ಕ್ ಇದ್ದಿದ್ರೆ ನಾ ಬ್ರೇಕ್ ಹಿಡಿತಿದ್ದೆ." ಸಮಾಧಾನ ಹೇಳುವ ಕೆಲಸ ನನ್ನದಲ್ಲ. ಒಂದು ವರ್ಷ ನೀವು ಕುರ್ಚಿಯ ಕೈ ಸವೆಸಿದ್ದೀರಿ. ಅವರು ಒಂದು ಮಧ್ಯಾಹ್ನ ಅಂಗಳದಲ್ಲಿ ನಿಲ್ಲಲಿ.

ಕಳೆದ ವಾರ ಬೈಂದೂರಿನಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಎದುರು ಸಾಲಿನಲ್ಲಿ ಮಾವ ಕೂತಿದ್ದರು. ಪಾಯಸ ಬರುವ ಮೊದಲು ಪಕ್ಕದವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು: "ನಮ್ ಬಾವ ಇಂಡಿಕೇಟರ್ ಹಾಕಿದ್ರ್ ಮಾರ್ರೆ! ಅರ್ಥ್ ಇಲ್ಲೆ! ವಯರೊಳ್ಗೆ ಬರೀ ಕಿಲ್ಬು! ಕಡೆಗೆ ಅದ್ನ್ ಕಂಡ್ ಹಿಡ್ದದ್ದ್ ಯಾರ್ ಹೇಳಿ? ನಾನೇ!" ಕೇಳಿದಿರಾ ಅಪ್ಪಯ್ಯ? ಕಂಡುಹಿಡಿದದ್ದು ಅವರಂತೆ! ಇರಲಿ. ಊರಿಗೆಲ್ಲ ಸುದ್ದಿ ಮುಟ್ಟಿಸಲು ಅವರಿಗಿಂತ ದೊಡ್ಡ ಫ್ಲೆಕ್ಸನ್ನು ನಮ್ಮ ಅಂಗಡಿಯಲ್ಲೂ ಮುದ್ರಿಸಲಾಗದು.

ಈಗ ನಾನು ದಿನಾ ಅದೇ ಬೈಕಿನಲ್ಲಿ ಕುಂದಾಪುರಕ್ಕೆ ಹೋಗಿ ಬರುತ್ತೇನೆ. ಹುಡುಗಿ ಬೈಕು ಬಿಡುತ್ತಾಳೆ ಅಂತ ಹಿಂದಿನಿಂದ ಹಾರ್ನ್ ಹೊಡೆಯುವವರಿದ್ದಾರೆ. ಹೊಡೆಯಲಿ. ಡಿವೈಡರ್ ತೆರೆದಲ್ಲಿ ಬಹಳ ಮೊದಲೇ ಬಲಕ್ಕೆ ಹಾಕಿ, ಅವರ ಕಣ್ಣಿಗೆ ಬೆಳಕು ಚುಚ್ಚಿ, ನಿಧಾನವಾಗಿ, ರಾಣಿಯ ಹಾಗೆ ತಿರುಗುತ್ತೇನೆ. ಪ್ರತಿ ಭಾನುವಾರ ಆ ವಯರು ಎಳೆದು ನೋಡುತ್ತೇನೆ. ಇದು ನಿಮಗೆ ಕೊಟ್ಟ ಮಾತು. ಬೈಕು ಇರುವ ತನಕ ನಮ್ಮ ಮನೆಯವರು ಹಾಕಲಿಲ್ಲ ಅನ್ನುವ ಬಾಯಿ ಈ ಹೈವೇಯಲ್ಲಿ ಇರಬಾರದು.

ಇನ್ನೊಂದು ಸುದ್ದಿ. ನೀವು ಬಿದ್ದ ದಿನದಿಂದ ಅಮ್ಮ ಆ ಓಣಿಯಲ್ಲಿ ಬಾಯಿ ಮುಚ್ಚಿಕೊಂಡು ತಿರುಗುತ್ತಿದ್ದಳು. ನಾನೂ. ಯಾರೂ ಹೇಳಿಕೊಂಡು ನಿಲ್ಲಿಸಿದ್ದಲ್ಲ, ನಿಂತುಹೋಗಿತ್ತು. ಇವತ್ತು ನಾನು ಚಾವಡಿಯಲ್ಲಿ, ನಿಮ್ಮ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಹೇಗೆ ಬರೆಯಲಿ, ಹಾಕಿದ್ದಿರಿ ಅಪ್ಪಯ್ಯ, ಹಾಕಿಯೇ ಹಾಕಿದ್ದಿರಿ ಅಂತ ಬರೆದರೆ ಸಾಕಾ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಳಗೆ ಗಂಜಿಯ ಪಾತ್ರೆ ಎತ್ತಿದ ಸದ್ದು. ಹೆಜ್ಜೆ ಮೂಲೆಯ ತನಕ ಬಂದು ನಿಂತಿತು.

"ಟಿಕ್ ಟಿಕ್," ಅಂದಳು ಅಮ್ಮ. "ಟಿಕ್ ಟಿಕ್. ಬತ್ತಿದ್ದೆ, ಬದಿಗ್ ಹೋಗ್."